ಗೋಲಿ ಹುಡುಕುವ ಮಾವ

ನಮ್ಮ ಸೋದರಮಾವನಿಗೆ ಈ ಜಗತ್ತಿನಲ್ಲಿ ಸಹಿಸಲಾಗದ ದೃಶ್ಯ ಒಂದೇ ಒಂದಿತ್ತು: ಮನುಷ್ಯನೊಬ್ಬ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿರುವುದು! ಸೋಮಾರಿಗಳನ್ನು ಅವರು ಏನೂ ಅನ್ನುತ್ತಿರಲಿಲ್ಲ. ಆದರೆ ಯಾರಾದರೂ ಬಾವಿಯಿಂದ ನೀರು ಸೇದುತ್ತಿದ್ದರೆ, ಗೋಡೆಗೆ ಸುಣ್ಣ ಬಳಿಯುತ್ತಿದ್ದರೆ, ಅಷ್ಟೇಕೆ, ಹಲ್ಲುಜ್ಜುತ್ತಿದ್ದರೂ ಸಾಕು, ಮಾವ ಕೈ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ಬಂದು ನಿಲ್ಲುತ್ತಿದ್ದರು. ಸ್ವಲ್ಪ ಹೊತ್ತು ನೋಡಿ, "ಇದ್ರಲ್ಲಿ ಗೋಲಿ ಎಲ್ಲಿದೆ?" ಎಂದು ತಮ್ಮಷ್ಟಕ್ಕೆ ಗೊಣಗುತ್ತಿದ್ದರು.

ಗೋಲಿ ಎಂದರೆ ಮಕ್ಕಳು ಆಡುವ ಗೋಲಿಯಲ್ಲ. ಮಾವ ತುಮಕೂರಿನಲ್ಲಿ ಬೋಲ್ಟು, ನಟ್ಟು ತಯಾರಿಸುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ಕಾರ್ಖಾನೆಯವರು ಅವರನ್ನು ಬೆಂಗಳೂರಿಗೆ ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಎಂಬ ತರಬೇತಿಗೆ ಕಳಿಸಿದರು. ಹೋಗುವಾಗ ನಮ್ಮ ನಿಮ್ಮ ಹಾಗೇ ಇದ್ದರು. ಬರುವಾಗ ತಲೆಯೊಳಗೆ ಬಾಟಲ್‌ನೆಕ್ ಎಂಬ ಮಾತು ಹೊಕ್ಕಿತ್ತು. ಯಾವ ಕೆಲಸವೂ ಸರಾಗವಾಗಿ ಹರಿದು ಬಂದು ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳುತ್ತದೆ, ಆ ಜಾಗ ಹುಡುಕಿ ಸರಿಮಾಡಿದರೆ ಉತ್ಪಾದನೆ ತಾನಾಗಿ ಹೆಚ್ಚುತ್ತದೆ ಎಂಬುದು ಅದರ ಸಾರ. ಬಾಟಲಿ ಎಂದೊಡನೆ ನಮ್ಮ ತಾತ ಬೇರೇನೋ ತಿಳಿದು ಮುಖ ಗಂಟಿಕ್ಕಿದ್ದರಿಂದ ಮಾವ ಗಾಬರಿಯಾಗಿ ಸೋಡಾ ಬಾಟಲಿಗೆ ಇಳಿದರು. "ಕುತ್ತಿಗೇಲಿ ಗೋಲಿ ಕೂತಿರತ್ತಲ್ಲಪ್ಪಾ, ಅದನ್ನ ಒತ್ತಿದ್ರೆ ಸೋಡಾ ಹರಿಯತ್ತೆ. ಅಷ್ಟೇ ಮ್ಯಾನೇಜ್‌ಮೆಂಟು" ಎಂದರು. ಅಂದಿನಿಂದ ನಮ್ಮ ಮನೆತನದಲ್ಲಿ ಕೆಟ್ಟದ್ದಕ್ಕೆಲ್ಲ ಗೋಲಿಯೇ ಕಾರಣವಾಯಿತು.

ಈ ತರಬೇತಿಯಿಂದ ಮಾವನಿಗೆ ಮದುವೆಯೇ ತಪ್ಪಿಹೋಗುತ್ತಿತ್ತು. ಗುಬ್ಬಿಗೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿಯ ತಂದೆ ಉಪ್ಪಿಟ್ಟು ಕೊಡಿಸಿ, ಈಚೆಗೆ ತುಮಕೂರಿನ ಕಡೆ ಕಾಣಲೇ ಇಲ್ಲವಲ್ಲ ಎಂದು ಉಪಚಾರಕ್ಕೆ ಕೇಳಿದರು. ಮಾವ ಎದೆಯುಬ್ಬಿಸಿ, "ಬೆಂಗ್ಳೂರಲ್ಲಿದ್ದೆ ಸಾರ್. ಆಪರೇಷನ್ಸ್ ಮುಗಿಸ್ಕೊಂಡ್ ಬಂದೆ" ಎಂದರು. ಅದು ಗೋಡೆ ಗೋಡೆಯ ಮೇಲೂ ಕುಟುಂಬ ಯೋಜನೆಯ ಕೆಂಪು ತ್ರಿಕೋನ ರಾರಾಜಿಸುತ್ತಿದ್ದ ಕಾಲ! ಗಂಡಸಿನ ಬಾಯಲ್ಲಿ ಆಪರೇಷನ್ ಎಂದರೆ ಇನ್ನೇನು ಅರ್ಥ? ಹುಡುಗಿಯ ತಂದೆ ಮಾವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಮದುವೆಗೆ ಮುಂಚೆಯೇ ಇಷ್ಟು ಅವಸರವೇಕಿತ್ತು ಎಂದು ಮೆಲ್ಲನೆ ಕೇಳಿದರು. "ಪ್ರೊಡಕ್ಷನ್ ಚೆನ್ನಾಗಿ ಆಗ್ಬೇಕಲ್ಲ ಸಾರ್, ಅದಕ್ಕೆ" ಎಂದುಬಿಟ್ಟರು ನಮ್ಮ ಮಾವ.

ಕಾರ್ಖಾನೆಯ ದೊಡ್ಡ ಸಾಹೇಬರೇ ಗುಬ್ಬಿಗೆ ಹೋಗಿ, ಅದು ಕತ್ತರಿ ಹಾಕುವ ಆಪರೇಷನ್ ಅಲ್ಲವೆಂದು ಮನವರಿಕೆ ಮಾಡಿಕೊಡಬೇಕಾಯಿತು. ಆದರೂ ಗುಬ್ಬಿಯವರ ಅನುಮಾನ ಪೂರ್ತಿ ಹೋದದ್ದು ಮದುವೆಯ ಮರುವರ್ಷ ಅವಳಿ ಮಕ್ಕಳಾದ ಮೇಲೆಯೇ.

ಆ ಮದುವೆಯ ಊಟ ಇನ್ನೊಂದು ಕಥೆ. ಬಡಿಸುವವರು ಪಂಕ್ತಿಯ ಉದ್ದಕ್ಕೂ ಓಡಾಡಿ ಸುಸ್ತಾಗುವುದನ್ನು ಮದುಮಗ ಹಸೆಯ ಮೇಲಿಂದಲೇ ಗಮನಿಸುತ್ತಿದ್ದರಂತೆ. ಎರಡನೆಯ ಪಂಕ್ತಿಯ ಹೊತ್ತಿಗೆ ಬಾಸಿಂಗದ ಸಮೇತ ಎದ್ದುಬಂದು, ಬಡಿಸುವವರು ನಿಂತಲ್ಲೇ ನಿಲ್ಲಲಿ, ಉಣ್ಣುವವರು ಎಲೆ ಹಿಡಿದು ಮುಂದೆ ಸಾಗಲಿ ಎಂದು ಅಪ್ಪಣೆ ಮಾಡಿದರು. ಮದುಮಗನ ಮಾತು ಮೀರುವುದು ಹೇಗೆ? ಎಲ್ಲರೂ ಎಲೆ ಎತ್ತಿದರು. ತಾತ ಯಾವುದೋ ತಿರುವಿನಲ್ಲಿ ದಾರಿ ತಪ್ಪಿ ಪಾಯಸದವನ ಮುಂದೆಯೇ ಸುತ್ತಿದರು, ಸಾರು ಕಣ್ಣಿಗೇ ಬೀಳಲಿಲ್ಲ. ಈಗ ಇದನ್ನೇ ಬಫೆ ಎಂದು ಕರೆದು ಹೆಮ್ಮೆಪಡುತ್ತಾರೆ. ಆಗ ಹುಚ್ಚು ಎಂದಿದ್ದರು.

ಇಂಥ ಮಾವನನ್ನು ನಮ್ಮ ದೊಡ್ಡಮ್ಮ ತಾನಾಗಿಯೇ ಕರೆಸಿಕೊಂಡಳು ಎಂದರೆ ಅವಳ ಕಷ್ಟ ಎಷ್ಟಿರಬೇಕು! ಅಜ್ಜಿ ಬೇಗ ತೀರಿಕೊಂಡಿದ್ದರಿಂದ ತೊಟ್ಟಿಲ ಕೂಸಾಗಿದ್ದ ಮಾವನನ್ನು ಸಾಕಿದವಳು ಈ ಅಕ್ಕ. ಗಂಡ ಹೋದ ಮೇಲೆ ಕುಣಿಗಲ್ಲಿನಲ್ಲಿ ರಸ್ತೆ ಪಕ್ಕ ಒಂದು ಇಡ್ಲಿ ಹೋಟೆಲು ಇಟ್ಟಿದ್ದಳು. ನಾನೂ ಆಗ ಅವಳ ಮನೆಯಲ್ಲಿದ್ದುಕೊಂಡೇ ಓದುತ್ತಿದ್ದೆ. ಹಾಸನದ ಬಸ್ಸು ಅಲ್ಲಿ ನಿಂತರೆ ಹೋಟೆಲಿಗೆ ಉಸಿರು, ಇಲ್ಲದಿದ್ದರೆ ಇಲ್ಲ. ಜನ ತಿಂದು ಏಳುವುದು ತಡವಾಗುತ್ತಿದೆ, ಹೀಗೇ ಆದರೆ ಮುಂದಿನ ಹೊಸ ಹೋಟೆಲಿನ ಹತ್ತಿರ ನಿಲ್ಲಿಸುತ್ತೇನೆ ಎಂದು ಕಂಡಕ್ಟರ್ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ.

ಮಾವ ರಜೆ ಹಾಕಿ ಬಂದರು. ಹಿತ್ತಿಲಲ್ಲಿದ್ದ ನೀರಿನ ಹಂಡೆ ಮುಂದೆ ಬಂತು. ಕಾಫಿ ಒಲೆ ಬಾಗಿಲಿಗೆ ಬಂತು. ಚಟ್ನಿ, ಇಡ್ಲಿಯ ಪಕ್ಕಕ್ಕೇ ಬಂತು. ಡ್ರೈವರ್ ಜೊತೆಗೂ ಒಪ್ಪಂದವಾಯಿತು: ಕೆರೆ ಏರಿಯ ತಿರುವಿನಲ್ಲಿ ಉದ್ದ ಹಾರ್ನ್ ಹೊಡೆದರೆ ಬಸ್ಸು ಭರ್ತಿ, ಗಿಡ್ಡ ಹಾರ್ನ್ ಆದರೆ ಅರ್ಧ. ಅದಕ್ಕೆ ತಕ್ಕಂತೆ ತಟ್ಟೆ ಹಾಕುವುದು. ಒಂದು ದಿನ ಏರಿಯ ಮೇಲೆ ಎಮ್ಮೆ ಅಡ್ಡ ಮಲಗಿ ಡ್ರೈವರ್ ಹಾರ್ನ್‌ನಿಂದ ಕೈಯೇ ತೆಗೆಯಲಿಲ್ಲ. ಆ ವಾರವೆಲ್ಲ ನಾವು ಇಡ್ಲಿಯ ಉಪ್ಪಿಟ್ಟು ತಿಂದೆವು.

ಇಷ್ಟಾದರೂ ಬಸ್ಸು ತಡವಾಗಿಯೇ ಹೊರಡುತ್ತಿತ್ತು. ಮಾವ ಮೂಲೆಯಲ್ಲಿ ಕೈಕಟ್ಟಿ ನಿಂತು ನೋಡಿದರು. ಬಡಿಸುತ್ತಿದ್ದ ದೊಡ್ಡಮ್ಮ ಪ್ರತಿಯೊಬ್ಬರ ಮುಂದೂ ನಿಂತು ಯಾವೂರು, ಮಗುವಿಗೆ ಹಾಲು ಕುಡಿಸಿದೆಯಾ, ಮುಖ ಯಾಕೆ ಬಾಡಿದೆ ಎಂದು ವಿಚಾರಿಸುತ್ತಿದ್ದಳು. ಬಸ್ಸು ಹೋದ ಮೇಲೆ ಮಾವ ಅಳುಕುತ್ತಲೇ ಹೇಳಿದರು:

"ಅಕ್ಕಾ, ಗೋಲಿ ನೀನೇ ಕಣೇ."

ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋಗಿ ಒರಳಿನ ಮುಂದೆ ಕೂತಳು. ನನಗೆ ಮಾವನ ಮೇಲೆ ಕೆಂಡದಂಥ ಸಿಟ್ಟು ಬಂತು.

ಆದರೆ ಮಾವನ ಲೆಕ್ಕ ತಪ್ಪಿರಲಿಲ್ಲ. ಮರುದಿನದಿಂದ ಅವರೇ ಬಡಿಸಲು ನಿಂತರು. ತಟ್ಟೆ ಬಂತು, ಖಾಲಿಯಾಯಿತು, ಬಸ್ಸು ಹೊರಟಿತು. ಕಂಡಕ್ಟರ್ ಮಾವನ ಕೈ ಕುಲುಕಿದ. ಆಮೇಲೆ ವಿಚಿತ್ರ ಶುರುವಾಯಿತು. ಬಸ್ಸು ನಿಲ್ಲುತ್ತಿತ್ತು, ಜನ ಇಳಿಯುತ್ತಿರಲಿಲ್ಲ! ಕಿಟಕಿಯಿಂದ ಇಣುಕಿ, ಒಳಗೆ ನೋಡಿ, ಹಾಗೇ ಒರಗಿಕೊಳ್ಳುತ್ತಿದ್ದರು. ಆಗಾಗ ಯಡಿಯೂರಿಗೆ ಹೋಗಿಬರುತ್ತಿದ್ದ ಮುದುಕಿಯೊಬ್ಬಳು ಮಾತ್ರ ಇಳಿದು ಬಂದು, ಬಾಗಿಲಲ್ಲೇ ನಿಂತು ದನಿ ತಗ್ಗಿಸಿ ಕೇಳಿದಳು.

"ಆ ಯಮ್ಮ ಇದ್ರಲ್ಲಪ್ಪಾ... ಹೋಗ್ಬುಟ್ರಾ?"

ತಟ್ಟೆ ಹಿಡಿದಿದ್ದ ಮಾವನ ಮುಖ ಬಿಳುಚಿಕೊಂಡಿತು. ತಾಯಿಯ ಮುಖವನ್ನೇ ಕಾಣದವರಿಗೆ ಆ ಮಾತು ಎಲ್ಲಿ ತಾಗಿತೋ! ಇಲ್ಲ, ಒಳಗಿದ್ದಾರೆ, ಒಳಗಿದ್ದಾರೆ ಎಂದು ತಡವರಿಸಿ ಒರಳಿನ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತರು.

"ಅಕ್ಕಾ, ಗೋಲಿ ದಾರಿಗೆ ಅಡ್ಡ ಅಂತ ಮಾತ್ರ ತಿಳ್ಕೊಂಡಿದ್ದೆ. ಅದಿಲ್ದಿದ್ರೆ ಬಾಟ್ಲೀಲಿ ಗ್ಯಾಸೇ ನಿಲ್ಲಲ್ಲ. ಎದ್ ಬಾ ಆಚೆಗೆ."

"ಕೈಯೆಲ್ಲ ಹಿಟ್ಟಾಗದೆ. ತೊಳ್ಕೊಂಡ್ ಬತ್ತೀನಿ ಬುಡು" ಎಂದಳು ದೊಡ್ಡಮ್ಮ.

ಮಾವ ಮತ್ತೆ ಎಲ್ಲವನ್ನೂ ಅದಲುಬದಲು ಮಾಡಿದರು. ಈ ಸಲ ಒಲೆಯ ಸುತ್ತ ಅಲ್ಲ, ಅಕ್ಕನ ಸುತ್ತ. ಅವಳು ಬಾಗಿಲಲ್ಲಿ ನಿಂತು ಬಂದವರನ್ನು ವಿಚಾರಿಸಿಕೊಳ್ಳುವುದು, ಆ ಮಾತು ಮುಗಿಯುವುದರೊಳಗೆ ತಟ್ಟೆ ಬಂದು ಮುಂದೆ ಕೂರುವುದು. ಬಸ್ಸೂ ತಡವಾಗಲಿಲ್ಲ, ಯಾರ ಮುಖ ಬಾಡಿದ್ದೂ ಲೆಕ್ಕ ತಪ್ಪಲಿಲ್ಲ. ಹಾಸನದ ಬಸ್ಸು ಮುಂದೆಯೂ ನಮ್ಮ ಹೋಟೆಲಿನ ಮುಂದೆಯೇ ನಿಂತಿತು.

ರಜೆ ಮುಗಿದ ದಿನ ಮಾವ ಬ್ಯಾಗು ಹಿಡಿದು ಹೋಟೆಲಿನ ಮುಂದೆ ತುಮಕೂರಿನ ಬಸ್ಸಿಗೆ ಕಾಯುತ್ತಿದ್ದರು. ಬಸ್ಸು ಬರುವ ಮೊದಲೇ ರಸ್ತೆಯಲ್ಲಿ ನಿಂತಿರುವುದು ಅವರ ಕಟ್ಟುನಿಟ್ಟು, ಜನ್ಮದಲ್ಲಿ ಬಸ್ಸು ತಪ್ಪಿಸಿಕೊಂಡವರಲ್ಲ. ಬಾಗಿಲಲ್ಲಿದ್ದ ದೊಡ್ಡಮ್ಮ ಎಲ್ಲರನ್ನೂ ಕೇಳುವ ಹಾಗೇ ಕೇಳಿದಳು.

"ಯಾಕ್ಲಾ ಮುಖ ಬಾಡದೆ? ಬೆಳಗಿಂದ ಏನಾರ ತಿಂದ್ಯಾ?"

ಮಾವ ಬ್ಯಾಗು ಕೆಳಗಿಟ್ಟು ಒಳಗೆ ಬಂದು ಕೂತರು. ಅಷ್ಟರಲ್ಲಿ ಬಸ್ಸು ಬಂತು. ಹಾರ್ನ್ ಆಯಿತು. ತುಮಕೂರು, ತುಮಕೂರು ಎಂದು ಕಂಡಕ್ಟರ್ ಕೂಗಿದ. ನಾನು ಬ್ಯಾಗು ಎತ್ತಿಕೊಂಡು ಓಡಬೇಕೆಂದಿದ್ದೆ. ಮಾವ ನನ್ನ ಕಡೆ ತಿರುಗಲೂ ಇಲ್ಲ. ತಟ್ಟೆ ಮುಂದಕ್ಕೆ ಚಾಚಿದರು.

"ಹೋಗ್ಲಿ ಬುಡಕ್ಕಾ. ಇನ್ನೊಂದ್ ಹಾಕು" ಎಂದರು.