ಎಂಟು ಪಟ್ಟಿ ನೆನಪು

ಕೋಕ್‌ತಾಲ್ ಜಿಲ್ಲೆಯ ಪ್ರಾಣಿ ನೋಂದಣಿ ಕಚೇರಿಯ ಸರ್ವರ್ ಒಂದು ಕುದುರೆಯ ರಹದಾರಿ ಪತ್ರ ಕೊಡುವಷ್ಟರಲ್ಲಿ ಆ ಕುದುರೆ ಪತ್ರವಿಲ್ಲದೆಯೇ ಬೆಟ್ಟ ಹತ್ತಿ, ಹೊಟ್ಟೆತುಂಬ ಮೇದು, ಇಳಿದು ಬರಬಹುದಿತ್ತು. ಮೇ ತಿಂಗಳ ಕೊನೆಯ ವಾರ. ಮೇಲಿನ ಹುಲ್ಲುಗಾವಲಿಗೆ ಹೊರಟವರ ಲಾರಿಗಳು ಕಚೇರಿಯ ಮುಂದೆ ಸಾಲುಗಟ್ಟಿದ್ದವು. ಪತ್ರವಿಲ್ಲದೆ ಚೆಕ್‌ಪೋಸ್ಟ್ ದಾಟುವಂತಿರಲಿಲ್ಲ. ಲಾರಿಯೊಳಗೆ ಕುರಿಗಳು ಅರಚುತ್ತಿದ್ದವು, ಕೆಳಗೆ ಅವುಗಳ ಒಡೆಯರು ಬೈಯುತ್ತಿದ್ದರು. ಎರಡರಲ್ಲಿ ಕುರಿಗಳ ಮಾತೇ ಹೆಚ್ಚು ಸಭ್ಯವಾಗಿತ್ತು.

ಬೈಗುಳವೆಲ್ಲ ಜೆಂಗಿಶನ ಪಾಲು. ಇಡೀ ಕಚೇರಿಗೆ ಕಂಪ್ಯೂಟರ್ ಬಲ್ಲವನು ಅವನೊಬ್ಬನೇ. ಜೆಂಗಿಶ್ ಎಂದರೆ ಗೆಲುವು. ಹೆಸರಿಟ್ಟ ತಂದೆ ಅವನನ್ನು ಸರ್ಕಾರಿ ಕೆಲಸಕ್ಕೂ ತಾನೇ ಸೇರಿಸಿದ್ದರಿಂದ ಆ ಗೆಲುವು ಅಲ್ಲಿಗೇ ನಿಂತಿತ್ತು.

ಎರಡು ವರ್ಷದಿಂದ ಅವನು ಸರ್ವರಿಗೆ ಹೆಚ್ಚಿನ ಮೆಮೊರಿ ಬೇಕೆಂದು ಅರ್ಜಿ ಬರೆಯುತ್ತಿದ್ದ. ಆ ದಿನ ಬೆಳಿಗ್ಗೆ ರಾಜಧಾನಿ ಬಿಷ್ಕೆಕ್‌ನಿಂದ ಬಂದ ಡಬ್ಬಿಯಲ್ಲಿ ಎಂಟು ಹೊಸ ಮೆಮೊರಿ ಪಟ್ಟಿಗಳಿದ್ದವು. ಜೆಂಗಿಶ್ ಅದನ್ನು ಎದೆಗವಚಿಕೊಂಡು ನಿರ್ದೇಶಕ ಸಾಪರ್ ಬೈಕೆಯ ಮುಂದೆ ನಿಂತ. ಬೈಕೆ ಎಂದರೆ ಅಣ್ಣ. ಎದುರಿಗಿದ್ದಾಗ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು.

"ಒಂದು ಗಂಟೆ ಮೆಷಿನ್ ಆಫ್ ಮಾಡ್ಬೇಕು ಬೈಕೆ. ಅದು ತಪ್ಪು ಹೇಳಲ್ಲ, ನಿಧಾನ ಅಷ್ಟೇ. ಆಮೇಲೆ ಕುದುರೆ ಓಡಿದ ಹಾಗೆ ಓಡುತ್ತೆ."

"ಎರಡು ಗಂಟೆಗೆ ಬಿಷ್ಕೆಕ್‌ನಿಂದ ತಪಾಸಣೆಯವರು ಬರ್ತಾರೆ, ಗೊತ್ತಲ್ಲ? ಊಟದ ಹೊತ್ತಲ್ಲಿ ಮುಗಿಸು. ಸರಿಹೋದ್ರೆ ನಾಳೆಯಿಂದ ನಿನ್ನ ಹತ್ತು ದಿನ ರಜೆ. ಇಲ್ಲ ಅಂದ್ರೆ ನಿನಗೂ ಆ ಮೆಷಿನ್‌ಗೂ ಒಟ್ಟಿಗೇ ರಜೆ."

ಹೆಂಡತಿ ಆಗಲೇ ಮಕ್ಕಳ ಬಟ್ಟೆ ಮಡಚಿ, ಇಸಿಕ್‌ಕುಲ್ ಸರೋವರದ ದಂಡೆಯಲ್ಲಿ ಕೋಣೆ ಗೊತ್ತು ಮಾಡಿದ್ದಳು. ಜೆಂಗಿಶ್ ಹನ್ನೆರಡಕ್ಕೆ ಸರಿಯಾಗಿ ಸರ್ವರ್ ಆರಿಸಿ, ಮುಚ್ಚಳ ತೆಗೆದ. ಮೈಯಲ್ಲಿ ಹುಟ್ಟುವ ವಿದ್ಯುತ್ತಿನ ಕಿಡಿ ತಗುಲಿದರೆ ಪಟ್ಟಿ ಸತ್ತೇಹೋಗುತ್ತದೆ. ಹಾಗಾಗಿ ಒಂದು ತಂತಿಯ ತುದಿಯನ್ನು ಮಣಿಕಟ್ಟಿಗೆ ಸುತ್ತಿ, ಇನ್ನೊಂದನ್ನು ಗೋಡೆಯ ಬಿಸಿನೀರಿನ ಕೊಳವೆಗೆ ಕಟ್ಟಿದ.

ಸಾಲಿನಲ್ಲಿ ಮೊದಲು ನಿಂತಿದ್ದ ಕುರಿಗಾಹಿ ಮುಕಾಶ್ ಕಿಟಕಿಯಿಂದ ಇಣುಕಿ, ಹಿಂದಿನವರಿಗೆ ಸುದ್ದಿ ಮುಟ್ಟಿಸಿದ. "ಹುಡುಗನ್ನ ಕಟ್ಟಿಹಾಕಿದ್ದಾರೆ. ಈ ಸಲ ಓಡಿಹೋಗೋಕಾಗಲ್ಲ." ಸಾಲಿನಲ್ಲಿ ಸಮಾಧಾನ ಹರಡಿತು.

ಅಷ್ಟರಲ್ಲಿ ನೋಂದಣಿ ಗುಮಾಸ್ತೆ ಬುರುಲ್ ಎಜೆ ಒದ್ದೆ ಬಟ್ಟೆ ಹಿಡಿದು ಒಳಗೆ ಬಂದಳು. ಎಜೆ ಎಂದರೆ ಅಕ್ಕ. ಊರಿಗೆಲ್ಲ ಅಕ್ಕನಾದ್ದರಿಂದ ಆಕೆಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

"ಅಯ್ಯೋ, ಒಳಗೆ ಎಷ್ಟು ಧೂಳೋ. ಒರೆಸ್ತೀನಿ ಇರು."

"ಎಜೆ, ನೀರು ತಾಗಿದ್ರೆ ಇದು ಸತ್ತೋಗುತ್ತೆ."

"ಕೊಳಕಲ್ಲಿ ಇಷ್ಟು ವರ್ಷ ಬದುಕಿತ್ತಲ್ಲ, ಸ್ನಾನ ಮಾಡಿಸಿದ್ರೆ ಸಾಯುತ್ತಾ?"

ಒದ್ದೆ ಬಟ್ಟೆಯನ್ನು ಕಸಿದುಕೊಳ್ಳಲು ಜೆಂಗಿಶ್ ಹಾರಿದ. ಕೈಗೆ ಕಟ್ಟಿದ ತಂತಿ ಅವನನ್ನು ಗೂಟದ ಕರುವಿನಂತೆ ಹಿಂದಕ್ಕೆಳೆದು ಕೊಳವೆಗೆ ಬಡಿಯಿತು. ಅವನು ಹಣೆ ಉಜ್ಜಿಕೊಂಡು ಏಳುವ ಹೊತ್ತಿಗೆ ಎಜೆ ಹೋಗಿದ್ದಳು. ಬಟ್ಟೆ ಮೇಜಿನ ಮೇಲಿತ್ತು. ಡಬ್ಬಿಯಲ್ಲಿ ಏಳೇ ಪಟ್ಟಿಗಳಿದ್ದವು.

ತಂತಿ ಬಿಚ್ಚಿ ಓಡಿದ. ಬುರುಲ್ ಎಜೆ ಅಂಗಳದಲ್ಲಿ ಕುರಿಗಾಹಿಗಳ ನಡುವೆ ನಿಂತಿದ್ದಳು. ಎಂಟನೆಯ ಪಟ್ಟಿಯ ಅಂಚು ಮುಕಾಶನ ಹಲ್ಲುಗಳ ನಡುವೆ ಇತ್ತು.

"ಚಿನ್ನಾನಾ ಅಂತ ನೋಡ್ತಿದ್ವಿ," ಎಂದಳು ಎಜೆ. "ಅಂಚು ಹಳದಿಯಾಗಿ ಹೊಳೀತಿತ್ತು."

ಮುಕಾಶ್ ಪಟ್ಟಿಯನ್ನು ಬಾಯಿಂದ ತೆಗೆದು, ತೀರ್ಪು ಹೇಳಿದ. "ಚಿನ್ನಾನೇ. ಆದ್ರೆ ನನ್ನ ಅತ್ತೆ ಹಾಕಿದ ಚಿನ್ನದಷ್ಟೇ ತೆಳ್ಳಗಿದೆ."

ಮುಕಾಶ್ ಆಗಷ್ಟೇ ಕುರಿಕೊಬ್ಬಿನಲ್ಲಿ ಕರಿದ ಹಿಟ್ಟಿನುಂಡೆ, ಬೋರ್ಸೋಕ್ ತಿಂದಿದ್ದ. ಪಟ್ಟಿಯ ಮೇಲೆ ಕೊಬ್ಬಿನ ಪದರ ಹಚ್ಚಿದ ಬೆಣ್ಣೆಯಂತೆ ಕೂತಿತ್ತು. ಜೆಂಗಿಶ್ ಅಳಲಿಲ್ಲ. ಪೆನ್ಸಿಲ್ ಅಳಿಸುವ ರಬ್ಬರ್ ತಂದು, ಅಂಚನ್ನು ಮಗುವಿನ ಹಲ್ಲುಜ್ಜಿದಂತೆ ಉಜ್ಜಿ ಉಜ್ಜಿ ಹೊಳೆಯಿಸಿದ. ಹೊತ್ತು ಒಂದಾಯಿತು.

ಸರ್ವರಿನ ಬಳಿ ಮರಳಿದರೆ ಕಚೇರಿಯ ಡ್ರೈವರ್ ಕಮಚಿ ಬೆವರೊರೆಸಿಕೊಳ್ಳುತ್ತ ನಿಂತಿದ್ದ.

"ನಿನಗೆ ಕೆಲಸ ಜಾಸ್ತಿ ಅಂತ ನಾನೇ ಏಳೂ ಹಾಕ್ಬಿಟ್ಟೆ ಕಣೋ. ಒಂದು ಹೋಗಲ್ಲ ಅಂತು. ತಿರುಗಿಸಿ ಮಂಡಿ ಕೊಟ್ಟು ಒತ್ತಿದೆ. ಟಕ್ ಅಂತು."

ಜೆಂಗಿಶನ ಎದೆಯೂ ಟಕ್ ಎಂದಿತು. ಸರ್ವರಿನಲ್ಲಿ ಪ್ರೊಸೆಸರುಗಳು ಎರಡು. ಎರಡೂ ಪಕ್ಕಕ್ಕೆ ನಾಲ್ಕು ನಾಲ್ಕು ಪಟ್ಟಿ ಸಮನಾಗಿ ಹಂಚಬೇಕು. ಕಮಚಿ ಎಲ್ಲವನ್ನೂ ಎಡಗಡೆಗೇ ತುರುಕಿದ್ದ.

"ಲಾರಿಗೆ ಎಲ್ಲ ಮೂಟೇನೂ ಒಂದೇ ಕಡೆ ಹೇರ್ತೀಯೇನೋ?"

"ಇದಕ್ಕೆ ಚಕ್ರ ಇದೆ ಅಂತ ನೀನು ಹೇಳಲೇ ಇಲ್ವಲ್ಲ," ಎಂದ ಕಮಚಿ, ನೊಂದುಕೊಂಡು.

ಜೆಂಗಿಶ್ ಒಂದೊಂದೇ ಪಟ್ಟಿ ತೆಗೆದು ನೋಡಿದ. ಮಂಡಿಯ ಪ್ರಸಾದ ಪಡೆದದ್ದು ದೇವರ ದಯೆಯಿಂದ ಮುರಿದಿರಲಿಲ್ಲ. ಟಕ್ ಎಂದದ್ದು ಕಮಚಿಯ ಮಂಡಿಯೇ. ಪಟ್ಟಿಯ ಕಚ್ಚನ್ನು ಅದು ಕೂರುವ ಸೀಳಿನ ಗುರುತಿಗೆ ಹೊಂದಿಸಿ, ಎರಡೂ ಹೆಬ್ಬೆರಳಿಂದ ಮೆಲ್ಲಗೆ ಒತ್ತಿ, ತುದಿಯ ಕೊಕ್ಕೆಗಳು ತಾವಾಗಿ ಮುಚ್ಚುವವರೆಗೆ ಕಾದ. ಎಂಟೂ ಕೂತವು. ಎರಡಕ್ಕೆ ಹತ್ತು ನಿಮಿಷವಿತ್ತು. ಗುಂಡಿ ಒತ್ತಿದ.

ಫ್ಯಾನುಗಳು ಹೆಲಿಕಾಪ್ಟರಿನಂತೆ ಕೂಗಿದವು. ಪರದೆ ಮಾತ್ರ ಕಪ್ಪಗೆ ಉಳಿಯಿತು.

"ಹೋಯ್ತು," ಎಂದಳು ಬುರುಲ್ ಎಜೆ.

"ಹೋಗಿಲ್ಲ ಎಜೆ. ಹೊಸ ಮೆಮೊರೀನ ಒಂದೊಂದಾಗಿ ಪರೀಕ್ಷೆ ಮಾಡ್ಕೊಳ್ತಿದೆ. ಮೊದಲ ಸಲ ಹೊತ್ತು ಹಿಡಿಯುತ್ತೆ."

ಐದು ನಿಮಿಷವಾಯಿತು. ಬಿಸಿ ಮಾಡಿದ ಕುರಿಯ ಬಾಲದ ಕೊಬ್ಬು ಸವರಿದರೆ ಯಾವ ನೋವೂ ಉಳಿಯುವುದಿಲ್ಲವೆಂದು ಮುಕಾಶ್ ಕಿಟಕಿಯಿಂದಲೇ ಹೇಳಿದ. ತನ್ನ ಜೀಪು ಹೀಗೆ ಮಾಡಿದಾಗ ಒದೆಯುವುದಾಗಿ ಹೇಳಿ ಕಮಚಿ ಕಾಲು ಹಿಂದಕ್ಕೆ ಎಳೆದುಕೊಂಡ. ಜೆಂಗಿಶ್ ಸರ್ವರನ್ನು ತಬ್ಬಿಕೊಂಡು ನಿಂತ. ಒದೆ ಅವನ ತೊಡೆಗೆ ಬಿತ್ತು.

ಅದೇ ಗಳಿಗೆಗೆ ಬಾಗಿಲಲ್ಲಿ ಸಾಪರ್ ಬೈಕೆ, ಅವರ ಪಕ್ಕದಲ್ಲಿ ತಪಾಸಣೆಯ ರಖಿಮಾ ಅಸಾನೊವ್ನಾ ಕಾಣಿಸಿಕೊಂಡರು. ಆಕೆ ಕನ್ನಡಕ ಸರಿಮಾಡಿಕೊಂಡು, ಯಂತ್ರವನ್ನು ತಬ್ಬಿ ಕುಂಟುತ್ತಿದ್ದ ಗಂಡಸನ್ನು ನೋಡಿದರು.

"ಇದು ದಿನಾ ನಡೆಯುತ್ತಾ?"

ಆಗ ಪರದೆ ಬೆಳಗಿತು. ಎಂಟೂ ಪಟ್ಟಿಗಳು ಸರಿಯಾಗಿವೆ ಎಂದು ಯಂತ್ರ ಸಾರಿತು. ಮುಕಾಶನ ಎಪ್ಪತ್ತು ಕುರಿಗಳ ಪತ್ರ ಎರಡೇ ನಿಮಿಷದಲ್ಲಿ ಹೊರಬಂತು. ಅಂಗಳದಲ್ಲಿ ಟೋಪಿಗಳು ಹಾರಿದವು. ಮುಂಜಾನೆಯಿಂದ ಬೈದವರೇ ಕಿಟಕಿಯೊಳಗೆ ಕೈ ತೂರಿಸಿ ಜೆಂಗಿಶನ ಬೆನ್ನು ತಟ್ಟಿದರು. ಸಾಪರ್ ಬೈಕೆ ರಜೆಯ ಅರ್ಜಿ ತರಿಸಿ ನಿಂತಲ್ಲೇ ಸಹಿ ಹಾಕಿದರು.

"ಬಹಳ ಚೆನ್ನಾಗಿದೆ," ಎಂದರು ರಖಿಮಾ ಅಸಾನೊವ್ನಾ. "ಹಾಗಾದ್ರೆ ಯಾರ ಹಿಂಡಿಗೆ ಲಸಿಕೆ ಹಾಕಿಲ್ಲ ಅನ್ನೋ ತಾಳೆಪಟ್ಟಿ ತೆಗೀರಿ. ನಾಲ್ಕು ವರ್ಷದಿಂದ ಕೇಳ್ತಿದ್ದೀವಿ, ಮೆಷಿನ್ ಅರ್ಧಕ್ಕೆ ನಿಂತುಹೋಗುತ್ತೆ ಅಂತ ಬರೀತಿದ್ರಿ."

ಈ ಸಲ ಯಂತ್ರ ಅರ್ಧಕ್ಕೆ ನಿಲ್ಲಲಿಲ್ಲ. ಬುರುಲ್ ಎಜೆ ಒಂದು ಲೋಟ ಚಹಾ ಬಗ್ಗಿಸುವಷ್ಟರಲ್ಲಿ ತಾಳೆಪಟ್ಟಿ ಬಂತು. ರಖಿಮಾ ಅಸಾನೊವ್ನಾ ಮೊದಲ ಸಾಲನ್ನೇ ಗಟ್ಟಿಯಾಗಿ ಓದಿದರು.

"ಜಿಲ್ಲೆಯಲ್ಲಿ ಲಸಿಕೆ ಹಾಕಿಸದ ಅತಿ ದೊಡ್ಡ ಹಿಂಡು, ಮುನ್ನೂರ ನಲವತ್ತು ಯಾಕ್ ದನಗಳು. ಮಾಲೀಕ, ಜೆಂಗಿಶ್ ತುರ್ದುಕುಲೊವ್. ಯಾರಿವನು?"

ಎಲ್ಲರೂ ಜೆಂಗಿಶನನ್ನು ನೋಡಿದರು. ಅವನ ಮನೆಯಲ್ಲಿ ಒಂದು ಕೋಳಿಯೂ ಇರಲಿಲ್ಲ.

ಬುರುಲ್ ಎಜೆ ಅವನ ಕಿವಿಯ ಬಳಿ ಬಾಗಿದಳು. "ಮಾಲೀಕರು ಯಾರಂತ ಗೊತ್ತಿಲ್ದೇ ಇದ್ರೆ ಏನ್ ಮಾಡ್ಲಿ ಹೇಳು. ಖಾಲಿ ಬಿಟ್ರೆ ಮೆಷಿನ್ ಮುಂದಕ್ಕೇ ಹೋಗ್ತಿರಲಿಲ್ಲ. ಒಂದಕ್ಷರ ಒತ್ತಿದ್ರೆ ನಿನ್ನ ಹೆಸರು ತಾನಾಗೇ ಬರ್ತಿತ್ತು. ಒಳ್ಳೇ ಹುಡುಗ, ಬೇಜಾರು ಮಾಡ್ಕೊಳ್ಳಲ್ಲ ಅಂದ್ಕೊಂಡೆ."

"ಬೈಕೆ, ನೀವಾದ್ರೂ ಹೇಳಿ," ಎಂದ ಜೆಂಗಿಶ್.

ಆ ದಾಖಲೆಗಳ ಪ್ರತಿ ಪುಟದ ಕೆಳಗೂ ಸಾಪರ್ ಬೈಕೆಯ ಸಹಿ ಇತ್ತು. ಅವರು ಗಂಟಲು ಸರಿಮಾಡಿಕೊಂಡರು.

"ಮೆಷಿನ್ ತಪ್ಪು ಹೇಳಲ್ಲ ಅಂತ ಬೆಳಿಗ್ಗೆಯಿಂದ ನೀನೇ ಹೇಳ್ತಿದ್ದೆ. ಇಷ್ಟೊಂದು ಯಾಕ್ ಇಟ್ಕೊಂಡು ನಮ್ಮ ಜೊತೆ ಬರೀ ಚಹಾ ಕುಡ್ಕೊಂಡಿದ್ಯಲ್ಲೋ. ಹೇಗೂ ಹತ್ತು ದಿನ ರಜೆ ಇದೆ. ಹೋಗಿ ಲಸಿಕೆ ಹಾಕಿಸ್ಕೊಂಡು ಬಾ."

"ಹತ್ತು ದಿನದಲ್ಲಿ ಪ್ರತಿಯೊಂದರ ಕಿವಿಯ ನಂಬರ್ ನನ್ನ ಕೈ ಸೇರಬೇಕು," ಎಂದು ರಖಿಮಾ ಅಸಾನೊವ್ನಾ ಸೇರಿಸಿದರು. ಕಮಚಿ ಜೀಪಿನಿಂದ ಲಸಿಕೆಯ ತಂಪು ಪೆಟ್ಟಿಗೆ ಹೊತ್ತು ತಂದು ಅವನ ಕೈಯಲ್ಲಿಟ್ಟ.

ನಾಲ್ಕು ಗಂಟೆಗೆ ಮುಕಾಶನ ಲಾರಿ ಬೆಟ್ಟದ ದಾರಿ ಹಿಡಿಯಿತು. ಕ್ಯಾಬಿನ್ನಿನಲ್ಲಿ ಅವನ ಹೆಂಡತಿ, ಅತ್ತೆ ಇದ್ದರು. ಹಿಂದೆ ಎಪ್ಪತ್ತು ಕುರಿಗಳ ನಡುವೆ ಜೆಂಗಿಶ್, ಮಡಿಲಲ್ಲಿ ಮುನ್ನೂರ ನಲವತ್ತು ಡೋಸ್ ಲಸಿಕೆ. ಮುಕಾಶ್ ಕಿಟಕಿಯಿಂದ ತಲೆ ಹೊರಹಾಕಿ ಕೂಗಿ ಕೇಳಿದ.

"ಯಾವ ಕಣಿವೇಲಿ ಇಳಿಸ್ಲಿ? ನಿನ್ನ ಯಾಕ್ ಎಲ್ಲಿವೆ?"

"ಅದನ್ನೇ ನೋಡ್ಕೊಂಡು ಬರೋಕೆ ಹೊರಟಿದ್ದೀನಿ."

ಊರಿನ ಕೊನೆಯ ಮನೆ ಮರೆಯಾಗುವಾಗ ಫೋನ್ ಬಂತು. ಬುರುಲ್ ಎಜೆಯ ದನಿಯಲ್ಲಿ ನಿಜವಾದ ಮೆಚ್ಚುಗೆ ಇತ್ತು.

"ಮೆಷಿನ್ ಎಷ್ಟು ಚುರುಕಾಗಿದೆ ಗೊತ್ತೇನೋ ಜೆಂಗಿಶ್? ತಾಳೆಪಟ್ಟಿಯ ಎರಡನೇ ಪುಟಕ್ಕೂ ಬಂದ್ಬಿಟ್ಟಿದೆ. ಇರ್ಲಿ, ಒಂದು ವಿಷಯ ಕೇಳ್ಬೇಕಿತ್ತು. ನಿನಗೆ ಒಂಟೆ ಹಿಡಿಯೋಕೆ ಬರುತ್ತಾ?"