ಅತ್ತೆಯ ಕಣ್ಣು, ಟಿವಿಯ ದೆವ್ವ

ಟಿವಿ ನೋಡಿ ಸುಮ್ಮನೆ ಎದ್ದು ಹೋಗುವ ಜನ ಎಲ್ಲಾದರೂ ಇರಬಹುದು, ನಮ್ಮ ಮನೆಯಲ್ಲಂತೂ ಇಲ್ಲ. ನಮ್ಮಲ್ಲಿ ಆ ಪೆಟ್ಟಿಗೆ ಹಾಕಿದರೆ ಏನಾದರೊಂದು ಆಗಿಯೇ ತೀರುತ್ತದೆ.

ನಾನೇನು ದೊಡ್ಡ ಪ್ರೇಕ್ಷಕಿಯಲ್ಲ. ತರೀಕೆರೆಯಲ್ಲಿ ಮನೆ, ಅಜ್ಜಂಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತಿಕೆ. ಬಸ್ಸಿನಲ್ಲಿ ಹೋಗಿ ಬಂದು, ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಎಷ್ಟು ಕಂಡಿತೋ ಅಷ್ಟು. ಧಾರಾವಾಹಿಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ತಿಂಗಳು ಬಿಟ್ಟು ನೋಡಿದರೂ ಕಥೆ ಅಲ್ಲೇ ಇರುತ್ತದೆ, ಸೀರೆ ಮಾತ್ರ ಬದಲಾಗಿರುತ್ತದೆ. ಈಗಿನ ದೆವ್ವದ ಸಿನಿಮಾಗಳ ಬಗ್ಗೆ ಕೇಳಿದರೆ, ಆ ಮನೆಗಳಿಗೆ ಒಂದೊಂದು ಟ್ಯೂಬ್‌ಲೈಟ್ ಹಾಕಿಸಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಇಷ್ಟೇ ನನ್ನ ವಿಮರ್ಶೆ. ಮನೆಯ ನಿಜವಾದ ವಿಮರ್ಶಕಿ ನಮ್ಮ ಅತ್ತೆ. ಬುಕ್ಕಾಂಬುಧಿಯ ಹೆಣ್ಣುಮಗಳು, ಎಪ್ಪತ್ತು ದಾಟಿದ್ದಾರೆ. ಈಚೆಗೆ ಅವರ ಎಡಗಣ್ಣಿಗೆ ಪೊರೆಯ ಆಪರೇಷನ್ ಆಯಿತು. ಅದರ ಹಿಂದೆಮುಂದೆ ನಡೆದದ್ದನ್ನು ಹೇಳುತ್ತೇನೆ.

ಸೆರಗಿನ ವಿಚಾರ

ಕಡೂರಿನ ಕಣ್ಣಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ತಾಳ್ಮೆಯ ಮನುಷ್ಯ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಮೊದಲು ಎಡಗಣ್ಣು, ಅದು ಪೂರ್ತಿ ವಾಸಿಯಾದ ಮೇಲೆ ಬಲಗಣ್ಣು ಎಂದು ಅವರೇ ತೀರ್ಮಾನಿಸಿದ್ದರು. ಆಪರೇಷನ್ ಮುಗಿದ ಮಾರನೇ ದಿನ ಪಥ್ಯ ಹೇಳಿದರು. ಒಂದು ತಿಂಗಳು ಬಗ್ಗಬಾರದು, ತಲೆಗೆ ನೀರು ಹಾಕಬಾರದು, ಮನೆಯೊಳಗೂ ಕಪ್ಪು ಕನ್ನಡಕ ತೆಗೆಯಬಾರದು. ಅತ್ತೆ ಎಲ್ಲಕ್ಕೂ ತಲೆಯಾಡಿಸಿದರು. ನನಗೆ ಅನುಮಾನವಿದ್ದದ್ದು ಒಂದೇ. ಅಳಬಹುದಾ ಡಾಕ್ಟ್ರೇ ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಯಾಕಮ್ಮ ಅಳಿಸ್ತೀರಾ?" ಎಂದರು.

ನಾನಲ್ಲ, ಏಳು ಗಂಟೆಯ ಧಾರಾವಾಹಿ ಎಂದು ವಿವರಿಸಬೇಕಾಯಿತು. ಕಣ್ಣೀರು ತಾನಾಗಿ ಬಂದರೆ ಬರಲಿ, ಆದರೆ ಕೈಯಿಂದಾಗಲಿ ಬಟ್ಟೆಯಿಂದಾಗಲಿ ಉಜ್ಜಬಾರದು, ನಂಜಾದರೆ ಕಣ್ಣೇ ಹೋದೀತು ಎಂದರು. ಡಾಕ್ಟರಿಗೆ ನಮ್ಮ ಅತ್ತೆ ಗೊತ್ತಿಲ್ಲ. ಅತ್ತೆ ಸೆರಗಿಲ್ಲದೆ ಅತ್ತವರೇ ಅಲ್ಲ. ಮೂಗು ಮೊದಲ ಸಲ ಸೊರ್ ಎನ್ನುವ ಹೊತ್ತಿಗೆ ಸೆರಗಿನ ತುದಿ ತೋರುಬೆರಳಿಗೆ ಸುತ್ತಿರುತ್ತದೆ. ಆಮೇಲೆ ಲಾಟೀನಿನ ಗಾಜು ಒರೆಸಿದ ಹಾಗೆ ಎರಡೂ ಕಣ್ಣನ್ನು ತಿರುತಿರುವಿ ಒರೆಸುತ್ತಾರೆ. ಅದೇ ಸೆರಗು ಬೆಳಗಿನಿಂದ ಹಾಲಿನ ಪಾತ್ರೆ ಇಳಿಸಿರುತ್ತದೆ, ಬೆಲ್ಲದ ಕೈ ಒರೆಸಿರುತ್ತದೆ, ಪಕ್ಕದ ಮನೆ ಮಗುವಿನ ಮೂಗನ್ನೂ ವಿಚಾರಿಸಿಕೊಂಡಿರುತ್ತದೆ.

ಅತ್ತೆಗೂ ಭಯವಿತ್ತು. ಅವರ ಚಿಕ್ಕಮ್ಮನ ಮಗಳೊಬ್ಬಳು ಹೀಗೇ ಉಜ್ಜಿಕೊಂಡು ಒಂದು ಕಣ್ಣು ಕಳೆದುಕೊಂಡಿದ್ದಳು. ಬಸ್ಸಿನಲ್ಲಿ ಕೂತವರೇ, "ಅಳಲ್ಲ ಕಣೇ. ಒಂದ್ ತಿಂಗ್ಳು ತಾನೆ" ಎಂದರು. ಬೀರೂರು ದಾಟುವಷ್ಟರಲ್ಲಿ ಡ್ರೈವರು ತಾಯಿ ಸೆಂಟಿಮೆಂಟಿನ ಹಾಡೊಂದು ಹಾಕಿದ. ಅತ್ತೆಯ ಕೈ ಮೆಲ್ಲಗೆ ಸೆರಗಿನ ಕಡೆ ಹೊರಟಿತು. ನಾನು ಆ ಕೈ ಹಿಡಿದವಳು ತರೀಕೆರೆ ಬರುವ ತನಕ ಬಿಡಲಿಲ್ಲ. ಕಂಡಕ್ಟರು ನಮ್ಮಿಬ್ಬರನ್ನು ಹಿಂದಿನ ಸೀಟಿನವರಿಗೆ ತೋರಿಸಿ, ಅತ್ತೆ ಸೊಸೆ ಅಂದ್ರೆ ಹಿಂಗಿರ್ಬೇಕು ನೋಡ್ರಿ ಎಂದ.

ಅಳು ಬಾರದ ಕಾರ್ಯಕ್ರಮ

ಏಳು ಗಂಟೆಯ ಧಾರಾವಾಹಿಗೆ ಬೀಗ ಬಿತ್ತು. ನಾಯಕಿಯನ್ನು ಆಗಷ್ಟೇ ಗಂಡನ ಮನೆಯಿಂದ ಹೊರಗೆ ಹಾಕಿದ್ದರು. ಅವಳು ರಸ್ತೆಯಲ್ಲಿ ನಿಂತಿರುವಾಗ ನಾವು ಟಿವಿ ಆರಿಸಿದ್ದಕ್ಕೆ ಅತ್ತೆ ಎರಡು ದಿನ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಅಳು ಬಾರದ್ದೇನಾದರೂ ಇದೆಯಾ ಎಂದು ಹುಡುಕಲು ಶುರು ಮಾಡಿದೆ. ಅಡುಗೆ ಕಾರ್ಯಕ್ರಮ ಹಾಕಿದೆ. ಬದನೆಕಾಯಿ ಎಣ್ಣೆಗಾಯಿ ಮಾಡುತ್ತಿದ್ದರು. ಅದು ನಮ್ಮ ನಾದಿನಿಗೆ ಪ್ರಾಣವಂತೆ. ಅತ್ತೆಯ ಕೈ ಸೆರಗು ಹುಡುಕಿತು. ನಾದಿನಿ ಶಿವಮೊಗ್ಗದಲ್ಲಿ ಗುಂಡುಕಲ್ಲಿನ ಹಾಗಿದ್ದಾಳೆ, ಹಿಂದಿನ ಭಾನುವಾರ ತಾನೇ ಬಂದು ತಿಂದು ಹೋಗಿದ್ದಳು. ಕೃಷಿ ಕಾರ್ಯಕ್ರಮ ಹಾಕಿದೆ. ನುಸಿ ಹತ್ತಿದ ತೆಂಗಿನ ಮರ ತೋರಿಸಿದರು, ಅದರ ಗತಿ ಕಂಡು ಮೂಗು ಸೊರ್ ಎಂದಿತು. ವಾರ್ತೆ ಹಾಕು ಎಂದರು ನನ್ನ ಗಂಡ. ವಾರ್ತೆ ಹಾಕಿದರೆ ಅಳುವವಳು ನಾನು ಎಂದೆ.

ಕೊನೆಗೆ ಸಿಕ್ಕಿದ್ದು ಕೊರಿಯಾದ ಧಾರಾವಾಹಿ, ಕನ್ನಡದಲ್ಲೇ ಮಾತಾಡುತ್ತದೆ. ನನಗೆ ಹಿಡಿಸಿತು. ಹುಡುಗ ಹುಡುಗಿ ಒಂದೇ ಛತ್ರಿಯಡಿ ನಿಂತುಕೊಂಡು, ಹೇಳಬೇಕಾದ್ದನ್ನು ಹೇಳದೆ ನಾಲ್ಕು ಸಂಚಿಕೆ ಕಳೆಯುತ್ತಾರೆ. ನಮ್ಮ ಕಚೇರಿಯ ಕಡತಗಳು ಇದಕ್ಕಿಂತ ಜೋರಾಗಿ ಓಡಾಡುತ್ತವೆ. ಅತ್ತೆಗೆ ಒಂದೇ ಆಕ್ಷೇಪ. ಹುಡುಗನಿಗೆ ದನಿ ಕೊಟ್ಟವನೇ ಮೊಣಕಾಲು ನೋವಿನ ಎಣ್ಣೆಯ ಜಾಹೀರಾತಿಗೂ ದನಿ ಕೊಡುತ್ತಾನಂತೆ. ಪ್ರೀತಿಯ ಮಾತು ಬಂದಾಗಲೆಲ್ಲ, "ಇವನ್ಗೇ ಮಂಡಿ ನೋವು, ಇವ್ನೇನ್ ಓಡಿಸ್ಕೊಂಡ್ ಹೋಗ್ತಾನೆ" ಎನ್ನುತ್ತಿದ್ದರು. ನಾಲ್ಕು ದಿನ ಒಂದು ಹನಿ ಇಲ್ಲ. ನಾನು ಗೆದ್ದೆ ಅಂದುಕೊಂಡೆ.

ಐದನೆಯ ದಿನ ಆ ಹುಡುಗ ಒಂದು ಅಂಗಡಿಯಲ್ಲಿ ಒಬ್ಬನೇ ಕೂತು ನೂಡಲ್ಸ್ ತಿಂದ. ಸದ್ದು ಮಾಡಿಕೊಂಡು ಹೀರುತ್ತಿದ್ದ. ಅಷ್ಟು ದೊಡ್ಡ ಕಂಪನಿಯ ಯಜಮಾನ, ಜೊತೆಗೆ ಯಾರೂ ಮಾತಾಡುವವರಿಲ್ಲ. "ಒಬ್ನೇ ತಿಂತವ್ನೆ ಕಣೇ," ಎಂದರು ಅತ್ತೆ. "ಬಡ್ಸಕ್ಕೂ ಒಬ್ರಿಲ್ಲ."

ನಾನು ಸೋಫಾ ದಾಟಿ ಹಾರಿ ಕೈ ಹಿಡಿದೆ. ಅವತ್ತಿನಿಂದ ಅತ್ತೆಯ ಸೆರಗನ್ನು ಬೆನ್ನಿಗೆ ತಂದು ಎರಡು ಪಿನ್ನು ಹಾಕಿದೆವು. ಮೂರನೇ ದಿನ ಅವರ ಕೈ ನನ್ನ ದುಪಟ್ಟಾಕ್ಕೆ ಬಂತು.

ಮಾಲೀಕ ದೆವ್ವ

ನಮ್ಮ ಕಚೇರಿಯ ಸರ್ವೆಯರಿಗೆ ಜಮೀನು ಅಳೆಯುವುದರ ಜೊತೆಗೆ ಸಿನಿಮಾ ನೋಡುವ ಹುಚ್ಚು. ನನ್ನ ಕಷ್ಟ ಕೇಳಿ, ದೆವ್ವದ್ದು ಹಾಕಿ ಮೇಡಂ, ಭಯಕ್ಕೆ ಕಣ್ಣೀರು ಬರಲ್ಲ, ಬೆವರು ಬರ್ತದೆ, ಬೆವರು ಒರೆಸ್ಕೊಂಡ್ರೆ ಡಾಕ್ಟ್ರು ಏನೂ ಅನ್ನಲ್ಲ ಎಂದರು. ಹೊಸದಾಗಿ ಬಂದ ಒಂದು ಸಿನಿಮಾವನ್ನೂ ಹೇಳಿದರು.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹಾಕಿದೆ. ಒಂದು ದೊಡ್ಡ ಹಳೇ ಬಂಗಲೆ, ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಸಂಸಾರ, ಮೊದಲಿನ ಮಾಲೀಕನ ದೆವ್ವ. ಹತ್ತು ನಿಮಿಷಕ್ಕೆ ನಾನು ಬೆರಳ ಸಂದಿಯಿಂದ ನೋಡುತ್ತಿದ್ದೆ. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು, ಕೊಬ್ಬರಿ ಮಿಠಾಯಿ ತಿನ್ನುತ್ತಾ ಗೋಡೆಗೊರಗಿ ಕೂತಿದ್ದರು. ಇಡೀ ಪರದೆ ಕತ್ತಲಾಯಿತು, ಮೆಟ್ಟಿಲ ಮೇಲೆ ಅದು ಬಂದು ಕೂತು, ಇದು ನನ್ನ ಮನೆ ಎಂದಿತು. ನಾನು ಬೆರಳ ಸಂದಿಯನ್ನೂ ಮುಚ್ಚಿಕೊಂಡೆ.

"ಖಾತೆ ಇನ್ನೂ ಅವನ ಹೆಸ್ರಲ್ಲೇ ಐತಾ?" ಎಂದರು ಅತ್ತೆ.

ನನಗೇನು ಗೊತ್ತು ಎಂದೆ.

"ಸತ್ತು ಮೂವತ್ ವರ್ಷ ಆಯ್ತು ಅಂತಾವ್ನೆ. ಮಕ್ಳು ಪೌತಿ ಖಾತೆ ಮಾಡ್ಸಿಲ್ಲ. ಅವ್ನು ಕೇಳದ್ರಲ್ಲಿ ತಪ್ಪೇನೈತೆ?"

ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದು ಕಚೇರಿಯಲ್ಲಿ ನಾನು ದಿನಾ ಮಾಡುವ ಕೆಲಸ. ಅದಾದ ಮೇಲೆ ನನಗೆ ಹೆದರಲು ಆಗಲೇ ಇಲ್ಲ. ಬಾಗಿಲು ಗುದ್ದುವ ದೆವ್ವ, ಮೂರು ಸಲ ಅಲೆದಾಡಿ ಬೇಸತ್ತ ಅರ್ಜಿದಾರನ ಹಾಗೆ ಕಾಣತೊಡಗಿತು. ಮಂತ್ರವಾದಿ ಬಂದಾಗ ಅತ್ತೆ, ಇವನ ಕೈಲಿ ಏನಾಗ್ತದೆ, ಗ್ರಾಮ ಲೆಕ್ಕಿಗರನ್ನ ಕರೀಬೇಕಿತ್ತು ಎಂದರು. ಸಿನಿಮಾದವರೆಲ್ಲ ದೇವರ ಮನೆಗೆ ಓಡಿ ಬಾಗಿಲು ಹಾಕಿಕೊಂಡರು. ನಮ್ಮ ಮನೆಯಲ್ಲಿ ದೇವರ ಮನೆಯಿಲ್ಲ, ಹಜಾರದ ಗೋಡೆಯಲ್ಲಿ ಬುದ್ಧನ ಪಟವೊಂದಿದೆ. ನಮ್ಮನೆಗೆ ಬಂದರೆ ಎಲ್ಲಿಗೆ ಓಡೋದು ಅತ್ತೆ ಎಂದೆ. ಓಡದ್ಯಾಕೆ, ಕೂರ್ಸಿ ಮಾತಾಡ್ಸು, ಪಾಪ ಎಷ್ಟು ದಿನ ಸಿಟ್ಟಿಟ್ಕೊಂಡು ತಿರುಗ್ತದೆ ಎಂದರು. ಒಂದು ಹನಿ ಕಣ್ಣೀರಿಲ್ಲ.

ಸೋಮವಾರ ಕಚೇರಿಯಲ್ಲಿ ತಲೆ ತಗ್ಗಿಸಿ ಬರೆಯುತ್ತಿದ್ದೆ. ಬಿಳೀ ಪಂಚೆಯ ಮುದುಕರೊಬ್ಬರು ಸದ್ದಿಲ್ಲದೆ ಎದುರು ಬಂದು ನಿಂತು, ಬಾವಿಯೊಳಗಿನ ದನಿಯಲ್ಲಿ, ಅದು ನನ್ನ ಮನೆ ಕಣಮ್ಮ ಎಂದರು. ನಾನು ಅರ್ಜಿ ತೆಗೆದುಕೊಳ್ಳುವ ಮೊದಲು ಕೌಂಟರಿನಿಂದ ಬಗ್ಗಿ, ಅವರ ಪಾದ ಯಾವ ಕಡೆಗೆ ತಿರುಗಿದೆ ಎಂದು ನೋಡಿದೆ.

ವಿಜ್ಞಾನದ ಮೇಡಂ

ಅತ್ತೆ ದೆವ್ವಕ್ಕೆ ಹೆದರುವುದಿಲ್ಲ ಎಂಬ ಸುದ್ದಿ ನಮ್ಮ ಬೀದಿಯಲ್ಲಿ ಹರಡಿತು. ಎರಡು ಮನೆಯಾಚೆ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದ ಮೇಡಂ ಇದ್ದಾರೆ. ದೆವ್ವ ಎಂಬುದೆಲ್ಲ ಮನಸ್ಸಿನ ಭ್ರಮೆ, ಬೆಳಕು ಮತ್ತು ಶಬ್ದದ ಆಟ ಎಂದು ಮೊದಲು ಭಾಷಣ ಮಾಡಿ, ಮುಂದಿನ ಭಾನುವಾರ ಇನ್ನೊಂದು ದೆವ್ವದ ಸಿನಿಮಾಕ್ಕೆ ಅವರೂ ಬಂದು ಕೂತರು.

ಶಬ್ದದ ಆಟ ಶುರುವಾಗಿ ಕಾಲು ಗಂಟೆಗೆ ಮೇಡಂ ಕಾಲು ಮೇಲೆತ್ತಿಕೊಂಡರು. ಅರ್ಧ ಗಂಟೆಗೆ ಅತ್ತೆಯ ತೋಳು ಹಿಡಿದರು. ಸಿನಿಮಾ ಮುಗಿದಾಗ ಇನ್ನೂ ನಾಲ್ಕೂವರೆ, ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮೇಡಂ ಏಳಲಿಲ್ಲ. ಕಾಫಿ ಕುಡಿದರು, ಮತ್ತೊಂದು ಲೋಟ ಕುಡಿದರು. ಮನೇಲಿ ಯಾರೂ ಇಲ್ಲ ಕಣ್ರೀ ಎಂದರು. ಆಮೇಲೆ, ಯಾರೂ ಇಲ್ಲದಿದ್ದರೆ ಒಳ್ಳೇದು, ಇದ್ದರೆ ಏನು ಮಾಡೋದು ಎಂದರು.

ಅತ್ತೆ ಎದ್ದರು. ಬತ್ತೀನಿ ನಡೀರಿ ಎಂದು ಹೊರಟರು. ಒಂದು ಕಣ್ಣು ಆಪರೇಷನ್, ಇನ್ನೊಂದಕ್ಕೆ ಪೊರೆ, ಮೇಲೆ ಕಪ್ಪು ಕನ್ನಡಕ. ಅವರು ಮುಂದೆ, ಎರಡೂ ಕಣ್ಣು ನೆಟ್ಟಗಿರುವ ಮೇಡಂ ಅವರ ಕೈ ಹಿಡಿದುಕೊಂಡು ಹಿಂದೆ. ಎದುರು ಮನೆಯಾಕೆ ಗೇಟಿನಿಂದ, ಪಾಪ ಮೇಡಂಗೂ ಆಪರೇಷನ್ ಆಯ್ತಾ ಎಂದು ಕೇಳಿದರು.

ಹೊಸ ಕನ್ನಡಕ

ತಿಂಗಳು ಕಳೆಯಿತು. ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ ತುಂಬ ಖುಷಿಪಟ್ಟರು. ಎಲ್ಲೂ ನಂಜಿಲ್ಲ, ಕೆಂಪಿಲ್ಲ, ಇನ್ನು ಕಪ್ಪು ಕನ್ನಡಕ ಬೇಡ ಎಂದು ಹೊಸ ಕನ್ನಡಕಕ್ಕೆ ಬರೆದುಕೊಟ್ಟರು. ಬಲಗಣ್ಣಿಗೆ ಎರಡು ವಾರ ಬಿಟ್ಟು ಬನ್ನಿ ಎಂದರು. ಹೊಸ ಕನ್ನಡಕ ಕೈಗೆ ಬಂದ ದಿನ ಅತ್ತೆ ಕಡೂರಿನಿಂದ ತರೀಕೆರೆಯವರೆಗೆ ದಾರಿಯ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದಿಕೊಂಡು ಬಂದರು. ಒಂದು ಗೊಬ್ಬರದಂಗಡಿಯ ಬೋರ್ಡಿನ ಫೋನ್ ನಂಬರನ್ನೂ ಬಿಡಲಿಲ್ಲ.

ಸಂಜೆ ಏಳಕ್ಕೆ ನಾನೇ ಅವರ ಸೆರಗಿನ ಪಿನ್ನು ತೆಗೆದೆ, ಒಗೆದ ಕರವಸ್ತ್ರ ಕೊಟ್ಟೆ, ಧಾರಾವಾಹಿ ಹಾಕಿದೆ. ನಾಯಕಿ ಇನ್ನೂ ರಸ್ತೆಯಲ್ಲೇ ಇದ್ದಳು, ಅಳುತ್ತಿದ್ದಳು. ಅತ್ತೆ ಮುಂದಕ್ಕೆ ಬಾಗಿ ನೋಡಿದರು. ಇವಳ ಮುಖದ ಬಣ್ಣ ಕುತ್ತಿಗೆಗೆ ಬಂದು ನಿಂತ್ಬಿಟ್ಟೈತಲ್ಲ ಎಂದರು. ಇಷ್ಟು ಅತ್ತರೂ ಕಾಡಿಗೆ ಕದಲಿಲ್ಲ ಎಂದರು. ಆ ಮನೆಯ ಮುದಿ ಅತ್ತೆ ಬಂದಾಗ, ತಲೆ ಮುಂದೆ ಮಾತ್ರ ನೆರೆತೈತೆ, ಕೈ ನೋಡಿದ್ರೆ ಇಪ್ಪತ್ತೈದರ ಹುಡ್ಗಿ ಎಂದು ನಗಲು ಶುರು ಮಾಡಿದರು. ವರ್ಷಗಟ್ಟಲೆ ಸೆರಗು ನೆನೆಸಿದ ಧಾರಾವಾಹಿಗೆ ಕರವಸ್ತ್ರದ ಮಡಿಕೆ ಕೂಡ ಬಿಚ್ಚಲಿಲ್ಲ. ಇನ್ನು ಭಯವಿಲ್ಲ ಅಂದುಕೊಂಡೆ.

ಭಾನುವಾರ ಅತ್ತೆಯೇ ಆ ಬಂಗಲೆಯ ಸಿನಿಮಾ ಮತ್ತೆ ಹಾಕಿಸಿದರು. ಕೊಬ್ಬರಿ ಮಿಠಾಯಿಯ ತಟ್ಟೆ ಸಿದ್ಧವಾಗಿತ್ತು. ಬಂಗಲೆ ಬಂತು, ಕತ್ತಲಾಯಿತು, ಮೆಟ್ಟಿಲು ಬಂತು. ಅತ್ತೆಯ ಕೈಯಲ್ಲಿದ್ದ ಮಿಠಾಯಿ ಬಾಯಿಯ ತನಕ ಹೋಗಿ ಅಲ್ಲೇ ನಿಂತಿತು.

"ಅದೇನೇ ಅದು, ಮೆಟ್ಲ ಮೇಲೆ?"

ದೆವ್ವ ಅತ್ತೆ, ಹೋದ ಸಲವೂ ಅಲ್ಲೇ ಕೂತಿತ್ತಲ್ಲ ಎಂದೆ.

ಅತ್ತೆ ಹೊಸ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ಅದಕ್ಕೆ ಮುಖ ಬೇರೆ ಐತೇನೇ?" ಎಂದರು.

ಆಗ ನನಗೆ ಬುದ್ಧಿ ಬಂತು. ಟ್ಯೂಬ್‌ಲೈಟಿಲ್ಲದ ಸಿನಿಮಾ, ಅದರ ಮೇಲೆ ಕಪ್ಪು ಕನ್ನಡಕ, ಅದರ ಹಿಂದೆ ವಾಸಿಯಾಗದ ಒಂದು ಕಣ್ಣು, ಪೊರೆ ಬಂದ ಒಂದು ಕಣ್ಣು. ಅತ್ತೆ ಒಂದು ತಿಂಗಳಲ್ಲಿ ಒಂದು ದೆವ್ವವನ್ನೂ ಕಂಡಿರಲಿಲ್ಲ. ರೇಡಿಯೋ ನಾಟಕ ಕೇಳಿದ ಹಾಗೆ ಅವುಗಳ ಅಹವಾಲು ಕೇಳಿದ್ದರು ಅಷ್ಟೆ. ಟಿವಿ ಆರಿಸಲೇ ಎಂದು ರಿಮೋಟು ತೆಗೆದುಕೊಂಡೆ. ಬೇಡ ಎಂದು ಕೈ ತೋರಿಸಿದರು. ಹೊಸ ಕನ್ನಡಕ ತೆಗೆದಿಟ್ಟು, ಎಡಗಣ್ಣಿನ ಮುಂದೆ ತಾಗದ ಹಾಗೆ ಅಂಗೈ ಅಡ್ಡ ಹಿಡಿದುಕೊಂಡರು. ಬಲಗಣ್ಣಿನಲ್ಲಿ ಟಿವಿಯ ಕಡೆ ಒಮ್ಮೆ ನೋಡಿ, ನಿಟ್ಟುಸಿರು ಬಿಟ್ಟು, ಮಿಠಾಯಿ ಕಚ್ಚಿದರು.

ಎರಡು ವಾರ ಕಳೆದು ಕಡೂರಿಗೆ ಹೋದೆವು. ಡಾಕ್ಟರು ಬಲಗಣ್ಣಿಗೆ ದಿನ ಗೊತ್ತು ಮಾಡಲು ಡೈರಿ ತೆಗೆದರು. ಅತ್ತೆ ಬೇಡ ಎಂದರು. ಮೊದಲನೆಯದು ಇಷ್ಟು ಚೆನ್ನಾಗಿ ಆಗಿದೆ, ನೋವೂ ಆಗಿಲ್ಲ, ಯಾಕಮ್ಮ ಹೆದರ್ತೀರಾ ಎಂದು ಅವರು ಸಮಾಧಾನ ಹೇಳಿದರು. ಸೊಸೆ ಏನಾದರೂ ಬೇಡ ಅಂದಳಾ ಎಂಬ ಹಾಗೆ ನನ್ನ ಕಡೆಯೂ ಒಂದು ನೋಟ ಬಿಟ್ಟರು.

"ಆಪರೇಷನ್‌ಗೆ ಏನ್ ಹೆದ್ರಿಕೆ ಡಾಕ್ಟ್ರೇ," ಎಂದರು ಅತ್ತೆ. "ಇದೊಂದ್ ಕಣ್ಣು ಹಿಂಗೇ ಇರ್ಲಿ ಬಿಡ್ರಿ. ಭಾನ್ವಾರ ಮಧ್ಯಾಹ್ನಕ್ಕೆ ಬೇಕು."