ಟಪಾಲಪ್ಪನ ಸ್ವಂತ ಕಂಪ್ಯೂಟರ್

ಒಂದು ಬಿಸ್ಕತ್ತಿನ ಚೂರಿನಿಂದ ಶುರುವಾಯಿತು. ಅದು ಕೀಬೋರ್ಡಿನ ಸ್ಪೇಸ್ ಬಾರ್ ಕೆಳಗೆ ಸಿಕ್ಕಿಕೊಂಡು, ಬಾರ್ ಒತ್ತಿದರೂ ಇಳಿಯದಾಯಿತು. ತಿಂದವರು ಅಕೌಂಟೆಂಟರು. ಆದರೆ ಅದೇ ಅಕೌಂಟೆಂಟರು ಇಡೀ ಕಚೇರಿಗೆ ಕೇಳುವಂತೆ, "ಟಪಾಲಪ್ಪ ಕುಟ್ಟಿ ಕುಟ್ಟಿ ಹಾಳು ಮಾಡಿಟ್ಟ" ಅಂದರು.

ನೀರು ಸರಬರಾಜು ಕಚೇರಿಗೆ ಬರುವ ಕಾಗದಗಳನ್ನೆಲ್ಲ ದಾಖಲಿಸುವುದು ಅವನ ಕೆಲಸ. ಆ ಕೆಲಸಕ್ಕೇ ಟಪಾಲಪ್ಪ ಅನ್ನುವ ಹೆಸರು ಅಂಟಿಕೊಂಡಿತ್ತು. ಹೆಸರು ಕೊಟ್ಟವರು ಒಂದು ಕಂಪ್ಯೂಟರ್ ಮಾತ್ರ ಕೊಟ್ಟಿರಲಿಲ್ಲ. ಅಕೌಂಟೆಂಟರು ಎದ್ದಾಗ ಅವರ ಯಂತ್ರದ ಮುಂದೆ ಇವನು ಕೂರಬೇಕು, ಅವರು ಬಂದು ಕೆಮ್ಮಿದರೆ ಏಳಬೇಕು. ಎಷ್ಟೋ ವರ್ಷ ಹೀಗೆ ಎದ್ದು ಕೂತು ಮಾಡಿದ ಮನುಷ್ಯನಿಗೆ ಅಂದು ಪಿತ್ತ ನೆತ್ತಿಗೇರಿತು. ನೇರ ಮೇಲಧಿಕಾರಿ ಮೇಡಂ ಕೋಣೆಗೆ ನುಗ್ಗಿ, ಸ್ಟೋರಿನಲ್ಲಿ ಧೂಳು ತಿನ್ನುತ್ತಿರುವ ಹಳೆಯ ಕಂಪ್ಯೂಟರನ್ನು ತನಗೆ ಕೊಡಬೇಕೆಂದು ಕೇಳಿಯೇಬಿಟ್ಟ.

ಮೇಡಂ ತಲೆ ಎತ್ತಲಿಲ್ಲ. ಸಂಜೆ ಗುಜರಿಯವನು ಬರುತ್ತಾನೆ, ಅಷ್ಟರೊಳಗೆ ಅದು ನಡೆದರೆ ನಿಮ್ಮ ಮೇಜಿಗೆ, ಇಲ್ಲದಿದ್ದರೆ ಅವನ ಗಾಡಿಗೆ ಅಂದರು.

ಟಪಾಲಪ್ಪನ ನಾದಿನಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಎಂಥ ಮುದಿ ಯಂತ್ರವನ್ನೂ ಎಬ್ಬಿಸಿ ಕೂರಿಸುತ್ತದೆ ಎಂದು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಇರುವ ಪೆನ್ ಡ್ರೈವ್ ಒಂದನ್ನು ಅವಳು ಹಿಂದೆಯೇ ಕೊಟ್ಟಿದ್ದಳು. ಅದು ಅವನ ಚೀಲದಲ್ಲೇ ಇತ್ತು. ಕಚೇರಿಯಲ್ಲಿ ಖಾಲಿ ಇದ್ದ ಪ್ಲಗ್ ಹೊರಗಿನ ಕಾರಿಡಾರಿನಲ್ಲೊಂದೇ. ಹಳೆಯ ಕಂಪ್ಯೂಟರನ್ನು ಅಲ್ಲಿಗೇ ಹೊತ್ತು ತಂದು, ಒಂದು ಸ್ಟೂಲು ಹಾಕಿಕೊಂಡು ಕೆಲಸ ಹಚ್ಚಿದ. ದಾರಿಯಲ್ಲಿ ಕೂತವನಿಗೆ ಬುದ್ಧಿ ಹೇಳದೆ ಮುಂದೆ ಹೋಗುವುದು ಸರ್ಕಾರಿ ನೌಕರರಿಂದ ಆಗುವ ಕೆಲಸವೇ? ಆಳಿಗೊಂದು ಕಲ್ಲು ಬಿತ್ತು. ಟೈಪಿಸ್ಟ್ ಅಕ್ಕ ವೈರಸ್ ಬರುತ್ತದೆಂದು ಮೂಗು ಮುಚ್ಚಿಕೊಂಡು ಹೋದಳು. ಕಡತ ಹೊತ್ತು ಹೋಗುತ್ತಿದ್ದ ಜವಾನ, ಸತ್ತವರನ್ನು ಎಬ್ಬಿಸಬಾರದು ಅಂದ.

ಅಕೌಂಟೆಂಟರು ಬಿಸ್ಕತ್ತಿನ ಸಮೇತ ಬಂದು ನಿಂತರು. "ಬಿಟ್ಟಿ ಸಿಕ್ರೆ ನಂಗೂ ಇರ್ಲಿ, ನಮ್ಮಪ್ಪಂಗೂ ಇರ್ಲಿ ಅನ್ನೋ ಜಾತಿ ನಿಂದು. ಪುಕ್ಕಟೆ ಮಾಲು ಯಾವತ್ತಾದ್ರೂ ಬಾಳಿಕೆ ಬರುತ್ತೇನಯ್ಯ?"

ಟಪಾಲಪ್ಪನಿಗೆ ಮೈಯೆಲ್ಲ ಉರಿಯಿತು. "ಸಾರ್, ಇದು ಬಿಟ್ಟಿ ಮಾಲಲ್ಲ. ಸಾವಿರಾರು ಜನ ಕೂಡಿ ಮಾಡಿದ್ದು. ಯಾರಪ್ಪನ ಸ್ವತ್ತೂ ಅಲ್ಲ, ಎಲ್ಲರದ್ದು. ಹಂಚ್ಕೊಂಡು ಬಳಸೋದೇ ಇದರ ಧರ್ಮ." ಮಾತು ತನಗೇ ಹಿಡಿಸಿತು. ಆಮೇಲೆ ಬಂದವರಿಗೆಲ್ಲ ಅದನ್ನೇ ಇನ್ನಷ್ಟು ಜೋರಾಗಿ ಹೇಳಿದ.

ಮುಕ್ಕಾಲು ಭಾಗ ಮುಗಿದಿತ್ತು, ಅಷ್ಟರಲ್ಲಿ ಕಚೇರಿ ಜೀಪಿನ ಡ್ರೈವರ್ ಬಂದು ತನ್ನ ಫೋನ್ ಚಾರ್ಜ್‌ಗೆ ಹಾಕಲು ಪ್ಲಗ್ ಕಿತ್ತ. ಪರದೆ ಕಪ್ಪಾಯಿತು. ಬಿಟ್ಟಿ ಸಿಕ್ಕಿದ್ದು ತಾನೇ, ಇನ್ನೊಂದು ಸಲ ಹಾಕಿಕೊಂಡರಾಯಿತು ಎಂದು ಸಮಾಧಾನವನ್ನೂ ಅವನೇ ಹೇಳಿದ. ಟಪಾಲಪ್ಪ ಊಟ ಬಿಟ್ಟು ಮೊದಲಿನಿಂದ ಹಚ್ಚಿದ.

ಎರಡನೆಯ ಸಲ ಎಲ್ಲ ಆಯಿತು. ಪ್ರಿಂಟರ್ ಜೋಡಿಸಲು ನಾದಿನಿ ಬರೆದುಕೊಟ್ಟಿದ್ದ ಒಂದು ಸಾಲು ಹೊಡೆದರೆ ಪಾಸ್‌ವರ್ಡ್ ಕೇಳಿತು. ಒತ್ತಿದ. ಒಂದು ಚುಕ್ಕಿಯೂ ಮೂಡಲಿಲ್ಲ. ಗುದ್ದಿದ. ಊಹೂಂ. ಕೀಬೋರ್ಡ್ ಸತ್ತಿದೆ ಎಂದು ಎಲ್ಲರೂ ತೀರ್ಪು ಕೊಟ್ಟರು. ಟೈಪಿಸ್ಟ್ ಅಕ್ಕನ ಕೀಬೋರ್ಡ್ ಬಂತು, ಬಿಲ್ ವಿಭಾಗದ್ದು ಬಂತು, ಸ್ಪೇಸ್ ಬಾರ್ ಇಳಿಯದ ಅಕೌಂಟೆಂಟರದೂ ಬಂತು. ಕೀಬೋರ್ಡಿಲ್ಲದೆ ಇಡೀ ಕಚೇರಿ ಕೆಲಸ ನಿಲ್ಲಿಸಿ ಕಾರಿಡಾರಿನಲ್ಲಿ ಸೇರಿತು. ಗೇಟಿನ ಹತ್ತಿರ ಗುಜರಿಯವನ ಗಾಡಿಯ ಗಂಟೆ ಕೇಳಿಸಿತು.

ಟಪಾಲಪ್ಪ ನಾದಿನಿಗೆ ಫೋನ್ ಮಾಡಿದ.

"ಭಾವ, ಅಲ್ಲಿ ಹೊಡೆದಿದ್ದು ಕಾಣಿಸಲ್ಲ. ಸುಮ್ನೆ ಹೊಡೆದು ಎಂಟರ್ ಒತ್ತಿ."

"ಕಾಣಿಸಲ್ಲ ಅಂತ ಅದಕ್ಕೊಂದು ಮಾತು ಹೇಳೋಕೇನು ರೋಗ?" ಅಂದ ಟಪಾಲಪ್ಪ. ಒತ್ತಿದ. ಪ್ರಿಂಟರ್ ಗೊರ್ ಅಂದು ಒಂದು ಹಾಳೆ ಕಕ್ಕಿತು. ಅಕೌಂಟೆಂಟರ ಯಂತ್ರ ಎದ್ದು ಆಕಳಿಸುವಷ್ಟರಲ್ಲಿ ಈ ಮುದಿ ಪೆಟ್ಟಿಗೆ ಹತ್ತು ಕಾಗದ ದಾಖಲಿಸಿ ಮುಗಿಸಿತು. ಬೆಳಗ್ಗೆಯಿಂದ ನಕ್ಕವರೆಲ್ಲ ಈಗ ಕುತ್ತಿಗೆ ಉದ್ದ ಮಾಡಿ ನೋಡಿದರು. ಗುಜರಿಯವನು ಬರಿಗಾಡಿ ತಳ್ಳಿಕೊಂಡು ಹೋದ. ಅಂಥ ಸಂತೋಷ ಟಪಾಲಪ್ಪನಿಗೆ ಮದುವೆಯ ದಿನವೂ ಆಗಿರಲಿಲ್ಲ.

ಗದ್ದಲ ಕೇಳಿ ಮೇಡಂ ಹೊರಗೆ ಬಂದರು. ಎರಡು ಸಲ ಒತ್ತಿ ನೋಡಿ, ಭೇಷ್ ಅಂದರು.

"ಇದನ್ನ ಹಾಲ್ ಮಧ್ಯ ಇಡಿ. ಲೆಕ್ಕದ ಕಂಪ್ಯೂಟರ್ ಇನ್ಮೇಲೆ ಅಕೌಂಟೆಂಟರೊಬ್ಬರಿಗೇ ಇರಲಿ. ಉಳಿದವರೆಲ್ಲ ನಿಮ್ಮ ನಿಧಾನದ ಯಂತ್ರಗಳನ್ನ ಬಿಟ್ಟು ಇದನ್ನೇ ಬಳಸಿ."

"ಮೇಡಂ, ನನ್ನ ಮೇಜಿಗೆ ಅಂದಿದ್ರಿ."

"ಅಂದಿದ್ದೆ. ಆದ್ರೆ ಎಲ್ಲರದ್ದು, ಹಂಚ್ಕೊಂಡು ಬಳಸೋದೇ ಧರ್ಮ ಅಂತ ಬೆಳಗ್ಗೆಯಿಂದ ನೀವೇ ಹೇಳ್ತಿದ್ದೀರಂತೆ. ಅಕೌಂಟೆಂಟರು ಹೇಳಿದ್ರು. ಇಷ್ಟು ದೊಡ್ಡ ಮನಸ್ಸು ಯಾರಿಗಿರುತ್ತೆ?"

ಹಂಚಿಕೊಳ್ಳಬೇಕಾದದ್ದು ಒಳಗಿನ ತಂತ್ರಾಂಶ, ಹೊರಗಿನ ಪೆಟ್ಟಿಗೆಯಲ್ಲ ಎಂದು ಟಪಾಲಪ್ಪ ಬಾಯಿ ತೆರೆದ. ಆದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಅಕೌಂಟೆಂಟರು.

ಕಂಪ್ಯೂಟರನ್ನು ಹಾಲಿಗೆ ಅವನೇ ಹೊತ್ತು ತಂದ. ಕಾರಿಡಾರಿನ ಪ್ಲಗ್‌ನಿಂದ ವಯರು ಎಳೆದು ಜೋಡಿಸಿ, ಬೆವರು ಒರೆಸಿಕೊಂಡು ಎದ್ದು ನೋಡಿದರೆ ಕುರ್ಚಿಯಲ್ಲಿ ಆಗಲೇ ಡ್ರೈವರ್ ಕೂತಿದ್ದ. ಅವನ ಹಿಂದೆ ಟೈಪಿಸ್ಟ್ ಅಕ್ಕ, ಅವಳ ಹಿಂದೆ ಬಿಲ್ ವಿಭಾಗದವರು, ಹೀಗೆ ಬಾಗಿಲವರೆಗೂ ಜನ. ನಿನ್ನೆಯವರೆಗೆ ಅಕೌಂಟೆಂಟರೊಬ್ಬರ ಹಿಂದೆ ಕಾಯುತ್ತಿದ್ದವನು ಕೈಯಲ್ಲಿ ಉಳಿದ ಕಾಗದ ಹಿಡಿದು ಕುರ್ಚಿಯ ಕಡೆ ಹೆಜ್ಜೆ ಇಟ್ಟ.

ಜವಾನ ಅಡ್ಡ ಬಂದು, ಬಹಳ ಮರ್ಯಾದೆಯಿಂದ ಬಾಗಿಲ ಕಡೆ ಕೈ ತೋರಿಸಿದ.

"ಸಾರ್, ಸಾಲು ಆ ಕಡೆಯಿಂದ."